ಹನ್ನೆರಡು ಅಮಾವಾಸ್ಯೆಯ ನಡವಳಿ

ಬೇಲೂರು
12-5-2025

ಅಕ್ಕನಿಗೆ ಇಂದುಧರನ ನಮಸ್ಕಾರ.

ಅಕ್ಷರ ನೋಡಿ ಯಾವುದೋ ಒಂದನೇ ಕ್ಲಾಸಿನ ಮಗು ಗೀಚಿದ್ದು ಎಂದು ಪಕ್ಕಕ್ಕಿಡಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಟೋಬರಿನಲ್ಲಿ ಲಕ್ವ ಹೊಡೆದು ಬಿದ್ದ ಬಲಗೈ ಇನ್ನೂ ಎದ್ದಿಲ್ಲ. ನಾಲಿಗೆಯ ಕಥೆಯೂ ಅಷ್ಟೆ. ನಾನು ಆಡುವ ಮಾತು ಶಿಲ್ಪಾ ಒಬ್ಬಳಿಗೇ ಅರ್ಥವಾಗುವುದು, ಅದೂ ಹೆತ್ತ ಮಗಳಾದ್ದರಿಂದ. ಆದ್ದರಿಂದ ಫೋನ್ ಬಿಟ್ಟು ಕಾಗದ ಹಿಡಿದೆ.

ವಿಷಯಕ್ಕೆ ಬರುತ್ತೇನೆ. ನಾನು ಮಲಗಿದ ಮೇಲೆ ಏಳು ಅಮಾವಾಸ್ಯೆ ಕಳೆಯಿತು. ಏಳು ಸಲವೂ ಮಿಲ್ಲಿನಲ್ಲಿ ಡೈರೆಕ್ಟರುಗಳ ಸಭೆ ಆಗಿದೆ. ನೀನು, ನಿನ್ನ ಮಗ ಚನ್ನೇಶ ಇಬ್ಬರೇ ಕೂತು ಮುಗಿಸಿದ್ದೀರಿ. ಒಂದು ಸಲವಾದರೂ ನಡವಳಿ ಪುಸ್ತಕ ಬೇಲೂರಿಗೆ ಬರಲಿಲ್ಲ. ಅಪ್ಪನಿಗೆ ಮಂಡಿನೋವು ಬಂದು ಮಿಲ್ಲಿನ ಮೆಟ್ಟಿಲು ಹತ್ತಲಾಗದೆ ಹೋದಾಗ ಅವರೇ ಮಾಡಿದ ಪದ್ಧತಿ ಇದು. ಬರಲಾಗದವರ ಮನೆಗೆ ಪುಸ್ತಕ ಹೋಗಬೇಕು, ಅವರು ಓದಿ ರುಜು ಹಾಕಿದರೆ ಸಭೆಗೆ ಬಂದಂತೆಯೇ ಲೆಕ್ಕ. ಗುಮಾಸ್ತ ಶಿವಯ್ಯ ಆ ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ, ಒಂದು ತೆಂಗಿನಕಾಯಿ ಇಟ್ಟುಕೊಂಡು ಊರೂರು ತಿರುಗಿದ್ದನ್ನು ನೀನೂ ನೋಡಿದ್ದೀಯ.

ಪ್ರತಿ ತಿಂಗಳೂ ರಜೆ ಕೋರಿ ಅರ್ಜಿ ಕಳಿಸಿದ್ದೇನೆ. ಮಿಲ್ಲು ಚೆನ್ನಾಗಿ ನಡೆಯುತ್ತಿದೆ ಎಂದು ಕೇಳಿದೆ, ಸಂತೋಷ. ಗಾಣದ ಎರಡನೇ ಮೆಷೀನು ಗರಗರ ಅಂದರೆ ಬೇರಿಂಗ್ ನೋಡಿಸು, ಮೆಕ್ಯಾನಿಕ್ಕಿನ ಮಾತು ನಂಬಬೇಡ. ಈ ತಿಂಗಳು ಶಿವಯ್ಯನ ಕೈಲಿ ಪುಸ್ತಕ ಕಳಿಸು. ಎಡಗೈ ರುಜು ಚೆಂದ ಇರುವುದಿಲ್ಲ, ಆದರೆ ನನ್ನದೇ.

ನಿನ್ನ ತಮ್ಮ
ಇಂದುಧರ


ಗೌರಾಂಬಿಕಾ ಆಯಿಲ್ ಮಿಲ್ಸ್ ಪ್ರೈವೇಟ್ ಲಿಮಿಟೆಡ್
ಅರಸೀಕೆರೆ
20-5-2025

ಶ್ರೀ ಇಂದುಧರ ಅವರಿಗೆ,

ತಮ್ಮ ಪತ್ರ ತಲುಪಿತು. ರಜೆ ಕೋರಿ ತಾವು ಕಳಿಸಿದ ಏಳು ಅರ್ಜಿಗಳೂ ತಲುಪಿವೆ. ಎಲ್ಲವನ್ನೂ ಫೈಲಿಗೆ ಸೇರಿಸಲಾಗಿದೆ.

ಆದರೆ ಕಂಪನಿ ಕಾಯ್ದೆಯ ನೂರ ಅರವತ್ತೇಳನೇ ಸೆಕ್ಷನ್ ಪ್ರಕಾರ, ಹನ್ನೆರಡು ತಿಂಗಳಲ್ಲಿ ನಡೆದ ಒಂದು ಸಭೆಗೂ ಬಾರದ ನಿರ್ದೇಶಕನ ಸ್ಥಾನ ತಾನಾಗಿಯೇ ತೆರವಾಗುತ್ತದೆ. ರಜೆ ಪಡೆದಿದ್ದರೂ ಅಷ್ಟೆ, ಪಡೆಯದಿದ್ದರೂ ಅಷ್ಟೆ. ಯಾರೂ ತೆಗೆಯಬೇಕಾಗಿಲ್ಲ, ಠರಾವು ಬೇಕಾಗಿಲ್ಲ. ಈ ಸೆಕ್ಷನ್ ತಮಗೆ ಬಾಯಿಪಾಠ ಎಂದು ನನಗೆ ಗೊತ್ತು, ಆದರೂ ತಿಳಿಸುವುದು ನನ್ನ ಕರ್ತವ್ಯ.

ತಾವು ಕಡೆಯದಾಗಿ ಬಂದ ಸಭೆ 2-10-2024ರದು. ಏಳು ಆಗಿದೆ. ಐದು ಉಳಿದಿದೆ.

ಪುಸ್ತಕ ಮಿಲ್ಲಿನ ಬೀರುವಿನಲ್ಲಿದೆ. ಮೆಟ್ಟಿಲು ಹದಿನಾಲ್ಕೇ ಇರುವುದು. ಯಾವಾಗ ಬೇಕಾದರೂ ಬಂದು ರುಜು ಹಾಕಬಹುದು.

ಇಂತಿ,
ಕಮಲಾಕ್ಷಮ್ಮ
ವ್ಯವಸ್ಥಾಪಕ ನಿರ್ದೇಶಕಿ


ಬೇಲೂರು
2-6-2025

ಅಕ್ಕ,

ಹದಿನಾಲ್ಕು ಮೆಟ್ಟಿಲು. ಎಣಿಸಿ ಬೇರೆ ಬರೆದಿದ್ದೀಯ! ನಿನ್ನ ಕಾಗದವನ್ನು ಶಿಲ್ಪಾ ಓದಿ ಹೇಳುವಾಗ ಆ ಸಾಲಿಗೆ ಬಂದು ನಿಲ್ಲಿಸಿಬಿಟ್ಟಳು. "ಅತ್ತೆ ಹಿಂಗೆ ಬರೀತಾರಾ ಅಪ್ಪಾ?" ಎಂದಳು. ಬರೆಯುತ್ತಾರೆ ಎಂದು ತಲೆಯಾಡಿಸಿದೆ.

ಇರಲಿ. ಕಾಯ್ದೆ ಮಾತಾಡಿದೆಯಲ್ಲ, ನಾನೂ ಕಾಯ್ದೆಯನ್ನೇ ಮಾತಾಡುತ್ತೇನೆ. ಅಪ್ಪ 1988ರಲ್ಲಿ ರಿಜಿಸ್ಟರ್ ಮಾಡಿಸಿದ ಕಂಪನಿಯ ನಿಯಮಾವಳಿ ತೆಗೆದು ನೋಡು. ಮೊದಲನೇ ಪುಟದಲ್ಲಿ ಯಾವ ಪದಕ್ಕೆ ಏನರ್ಥ ಎಂದು ಬರೆದಿದೆ. ಅಲ್ಲಿ ಎರಡನೇ ಸಾಲು: "ಕಾಯ್ದೆ ಎಂದರೆ 1956ನೇ ಇಸವಿಯ ಕಂಪನಿಗಳ ಕಾಯ್ದೆ." ಅಷ್ಟೆ. ಅದರ ಹಿಂದೆ ಮುಂದೆ ಬಾಲವಿಲ್ಲ. ನೀನು ಹೇಳುವ ಸೆಕ್ಷನ್ 2013ರ ಕಾಯ್ದೆಯದು. ಅಪ್ಪನ ಕಾಯ್ದೆಯಲ್ಲಿ, ರಜೆ ಕೇಳಿ ಪಡೆದವನ ಕುರ್ಚಿಗೆ ಯಾರೂ ಕೈ ಹಚ್ಚುವಂತಿಲ್ಲ. ನಾನು ಕೇಳಿದ್ದೇನೆ, ತಿಂಗಳು ತಿಂಗಳೂ ಕೇಳಿದ್ದೇನೆ. ನಮ್ಮ ಕಂಪನಿಯನ್ನು ಆಳುವ ಕಾಯ್ದೆ ಯಾವುದೆಂದು ನಮ್ಮ ಕಂಪನಿಯ ಪತ್ರವೇ ಹೇಳಿರುವಾಗ ಅದರ ಮೇಲೆ ನಿನ್ನದೇನು?

ಅಕ್ಕ, ಆ ಮಿಲ್ಲಿನಲ್ಲಿ ನಾನು ನಲವತ್ತು ವರ್ಷ ಎಣ್ಣೆಯ ಜಿಡ್ಡಿನಲ್ಲೇ ಓಡಾಡಿದವನು. ಈಗ ಮಾತು ಹೋಯಿತು, ಕೈ ಹೋಯಿತು. ಬೆಳಗ್ಗೆ ಎದ್ದರೆ ನಾನು ಯಾರು ಎಂದು ಹೇಳಿಕೊಳ್ಳಲು ಉಳಿದಿರುವುದು ಅದೊಂದು ಕುರ್ಚಿ. ಪುಸ್ತಕ ಕಳಿಸು.

ಇಂದುಧರ


ಅರಸೀಕೆರೆ
14-6-2025

ಶ್ರೀ ಇಂದುಧರ ಅವರಿಗೆ,

ಇದರ ಜೊತೆ ಒಂದು ಪತ್ರದ ಜೆರಾಕ್ಸ್ ಇಟ್ಟಿದ್ದೇನೆ. 31-8-2015ರಂದು ಇದೇ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಹಳೇಬೀಡಿನ ನಮ್ಮ ಮನೆಗೆ, ನಮ್ಮ ಯಜಮಾನರ ಹೆಸರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಬಂದದ್ದು. ಕೆಳಗಿನ ರುಜು ತಮ್ಮದು, ಬಲಗೈಯದು. ಶಿಲ್ಪಾಳ ಕೈಲಿ ಓದಿಸಬೇಡಿ, ತಾವೇ ಓದಿ. ಆಯಾಸವಾದರೆ ಈ ಭಾಗ ಸಾಕು:

"ನಿಯಮಾವಳಿಯಲ್ಲಿ ಕಾಯ್ದೆ ಎಂದರೆ 1956ನೇ ಇಸವಿಯ ಕಾಯ್ದೆ ಎಂದಿರುವುದು ನಿಜ. ಆದರೆ ಒಂದು ಕಾಯ್ದೆ ರದ್ದಾಗಿ ಅದರ ಜಾಗದಲ್ಲಿ ಇನ್ನೊಂದು ಬಂದರೆ, ಹಳೆಯದರ ಹೆಸರು ಇರುವ ಕಡೆಯೆಲ್ಲ ಹೊಸದನ್ನೇ ಓದಿಕೊಳ್ಳತಕ್ಕದ್ದು. ಕಂಪನಿಯ ಪತ್ರ ಕಾಯ್ದೆಗಿಂತ ದೊಡ್ಡದಲ್ಲ. ಆದಕಾರಣ, ತಾವು ರಜೆ ಕೋರಿದ್ದಾಗ್ಯೂ, ತಮ್ಮ ನಿರ್ದೇಶಕ ಸ್ಥಾನ ತೆರವಾಗಿದೆಯೆಂದು ಈ ಮೂಲಕ ತಿಳಿಸಲಾಗಿದೆ."

ಓದಿದಿರಾ? ಹಾಸನದ ಆಡಿಟರನ್ನು ಕೇಳಿದೆ. ಅಂದು ತಾವು ಬರೆದದ್ದು ಅಕ್ಷರಶಃ ಸರಿ ಎಂದರು. ಅಂದು ಸರಿ ಆದದ್ದು ಇಂದೂ ಸರಿಯೇ. ಅಪ್ಪನ ಒಂದು ಸಾಲು ನನ್ನ ಗಂಡನಿಗೆ ಒಂದರ್ಥ, ನಿಮಗೆ ಇನ್ನೊಂದರ್ಥ ಕೊಡುವುದಿಲ್ಲ.

ಇನ್ನು ನೀವು ಗೀವು ನನ್ನ ಕೈಲಾಗದು. ಕೇಳೋ ಇಂದುಧರ.

ನಮ್ಮ ಯಜಮಾನರು ಗಂಟಲಿನ ಕ್ಯಾನ್ಸರಿನಲ್ಲಿ ಮಲಗಿದ್ದ ಆ ವರ್ಷ, ಪ್ರತಿ ಅಮಾವಾಸ್ಯೆ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಒಗೆದ ಅಂಗಿ ಹಾಕಿಸಿಕೊಂಡು ಹೊರಗೆ ಜಗಲಿಯ ಮೇಲೆ ಕೂರುತ್ತಿದ್ದರು. ಜಾವಗಲ್ ಕಡೆಯಿಂದ ಬರುವ ಒಂದೊಂದು ಬಸ್ಸಿನ ಸದ್ದಿಗೂ ಕತ್ತು ಎತ್ತುತ್ತಿದ್ದರು. "ಶಿವಯ್ಯ ಬತ್ತಾನೆ ಕಣೇ, ಪೆನ್ನು ಇಲ್ಲೇ ಇಡು" ಎನ್ನುತ್ತಿದ್ದರು. ಕಡೆ ಕಡೆಗೆ ಅದನ್ನೂ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು. ಬಿಸಿಲು ಬಸ್ತಿಹಳ್ಳಿ ಕಡೆಗೆ ಇಳಿಯುವ ತನಕ ಕೂತು, ಆಮೇಲೆ ಒಳಗೆ ಬಂದು ಅಂಗಿ ಕಳಚಿಸಿಕೊಳ್ಳುತ್ತಿದ್ದರು. ಹನ್ನೆರಡು ಅಮಾವಾಸ್ಯೆ. ಆಮೇಲೆ ಬಂದದ್ದು ನಿನ್ನ ಈ ಪತ್ರ. ಅವರೇ ರುಜು ಹಾಕಿ ತೆಗೆದುಕೊಂಡರು, ಪುಸ್ತಕ ಬಂತು ಎಂದುಕೊಂಡು. ಎರಡು ತಿಂಗಳಿಗೆ ತೀರಿಕೊಂಡರು.

ಆಮೇಲೆ ಇನ್ನೊಬ್ಬ ಡೈರೆಕ್ಟರಾಗಿದ್ದ ನಿನ್ನ ಹೆಂಡತಿ ರಮಾ ತೀರಿಹೋದಳು. ಇಬ್ಬರು ಡೈರೆಕ್ಟರುಗಳಿಲ್ಲದೆ ಕಂಪನಿ ನಡೆಸುವ ಹಾಗಿಲ್ಲ ಎಂದಾಗ ನನ್ನ ಬಾಗಿಲಿಗೆ ಬಂದೆ. ಯಾಕೆ ಒಪ್ಪಿದಳು ಅಕ್ಕ ಎಂದು ನಿನಗೆ ಆಶ್ಚರ್ಯವಾಗಿತ್ತು ಅಲ್ಲವೇ? ಇದಕ್ಕೇ ಒಪ್ಪಿದ್ದು. ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತು ನಿನ್ನ ದಿನ ಬರುವುದನ್ನು ಕಾಯುವುದಕ್ಕೆ. ನನಗೆ ಸೇಡು ಬೇಕು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಪುಸ್ತಕ ಬರುವುದಿಲ್ಲ. ಒಗೆದ ಅಂಗಿ ಹಾಕಿಕೊಂಡು ಕೂತಿರು.

ಕಮಲಾಕ್ಷಮ್ಮ


ಅರಸೀಕೆರೆ
25-7-2025

ಇಂದುಧರನಿಗೆ,

ಒಂದು ತಿಂಗಳ ಮೇಲಾಯಿತು, ನಿನ್ನಿಂದ ಕಾಗದವಿಲ್ಲ. ಹೆದರಿದೆಯೋ, ಇಲ್ಲ ಶಿಲ್ಪಾಳ ಕೈಲಿ ವಕೀಲರನ್ನು ಹುಡುಕಿಸುತ್ತಿದ್ದೀಯೋ ತಿಳಿಯದು. ಹುಡುಕಿಸು. ನಿನ್ನದೇ ಪತ್ರವನ್ನು ಅವರಿಗೂ ಕೊಡು, ಅವರೂ ಮೆಚ್ಚುತ್ತಾರೆ.

ನಿನ್ನೆ ಭೀಮನ ಅಮಾವಾಸ್ಯೆ. ಓಣಿಯ ಹೆಂಗಸರೆಲ್ಲ ಗಂಡಂದಿರ ಪಾದ ಪೂಜೆ ಮಾಡುತ್ತಿದ್ದರು. ನಾನು ಮಿಲ್ಲಿಗೆ ಹೋಗಿ ಸಭೆ ನಡೆಸಿದೆ. ಪುಸ್ತಕದಲ್ಲಿ ನನ್ನ ರುಜು, ಚನ್ನೇಶನ ರುಜು, ಅದರ ಕೆಳಗೆ ನಿನ್ನ ಹೆಸರು. ಹೆಸರಿನ ಮುಂದೆ "ಗೈರುಹಾಜರು" ಎಂದು ನಾನೇ ಬರೆದೆ. ಚನ್ನೇಶ, "ಸಾಕಮ್ಮಾ, ಮಾವನಿಗೆ ಈಗ ಏನೈತೆ ಅಂತ" ಎಂದ. ಬಾಯಿ ಮುಚ್ಚಿಕೊಂಡು ರುಜು ಹಾಕು ಎಂದೆ.

ಹತ್ತು ಆಯಿತು. ಎರಡು ಉಳಿದಿದೆ.

ಕಮಲಾಕ್ಷಮ್ಮ


ಬೇಲೂರು
8-8-2025

ಅಕ್ಕ,

ವಕೀಲರನ್ನು ಹುಡುಕಿಸಲಿಲ್ಲ. ನೀನು ಕಳಿಸಿದ ಜೆರಾಕ್ಸ್ ಓದಿದೆ. ಅಂಥ ಪತ್ರ ಬರೆದವನ ಪರವಾಗಿ ವಾದ ಮಾಡಲು ನನಗೇ ಮನಸ್ಸಾಗಲಿಲ್ಲ. ಆ ಸೆಕ್ಷನ್ನಿನ ಮಾತು ಬಿಟ್ಟಿದ್ದೇನೆ.

ಒಂದು ಸಂಗತಿ ನಿನಗೆ ಹೇಳಬೇಕು. 2014ರ ಆಗಸ್ಟ್ ಸಭೆಯಲ್ಲಿ ನಾನು ಕೊಬ್ಬರಿ ಎಣ್ಣೆಗೆ ಪಾಮ್ ಎಣ್ಣೆ ಬೆರೆಸೋಣ ಎಂದೆ. ಶಶಿಧರ್ ಭಾವ ಒಪ್ಪಲಿಲ್ಲ. ಒಪ್ಪದಿದ್ದರೆ ಇರಲಿ, ಪುಸ್ತಕದಲ್ಲೇ ಬರೆದುಬಿಟ್ಟರು, "ಅತ್ತೆಯವರ ಹೆಸರಿನ ಮಿಲ್ಲಿನಲ್ಲಿ ಕಲಬೆರಕೆಗೆ ನನ್ನ ಒಪ್ಪಿಗೆಯಿಲ್ಲ" ಎಂದು. ಅಪ್ಪ ಶುರು ಮಾಡಿದ ಪುಸ್ತಕದಲ್ಲಿ ನನ್ನನ್ನು ಕಳ್ಳ ಎಂದು ಬರೆದ ಹಾಗಾಯಿತು. ಮುಂದಿನ ತಿಂಗಳೇ ಅವರು ಹಾಸಿಗೆ ಹಿಡಿದರು. ಪುಸ್ತಕ ಕಳಿಸಿದರೆ ಮತ್ತೆ ಬರೆದಾರು ಎಂದು ನಾನು ಕಳಿಸಲಿಲ್ಲ. ಆಮೇಲೆ ಎರಡು ವರ್ಷ ಬೆರೆಸಿದೆ ಕೂಡ. ಇದು ನನ್ನ ತಪ್ಪು. ಇಷ್ಟನ್ನು ಯಾರ ಮೇಲೂ ಹಾಕುವುದಿಲ್ಲ.

ಆದರೆ ಹನ್ನೆರಡು ಅಮಾವಾಸ್ಯೆ ಎಂದೆಯಲ್ಲ. ಹನ್ನೆರಡಲ್ಲ ಅಕ್ಕ. ಏಳನೆಯದಕ್ಕೆ ನಾನು ಪುಸ್ತಕ ಕಳಿಸಿದ್ದೆ. ನಾಳೆ ಯುಗಾದಿ, ಇಂದು ಅಮಾವಾಸ್ಯೆ. ಭಾವನಿಗೆ ಜಾಸ್ತಿಯಾಗಿದೆ ಎಂದು ಯಾರೋ ಹೇಳಿದರು, ಮನಸ್ಸು ತಡೆಯಲಿಲ್ಲ. ಶಿವಯ್ಯನನ್ನು ಕರೆದು, ಹೊಸ ವಸ್ತ್ರದಲ್ಲಿ ಸುತ್ತಿಸಿ, ಕಾಯಿ ಇಟ್ಟು ಕಳಿಸಿದೆ. ಸಾಯಂಕಾಲ ಅವನು ಹೋದ ಹಾಗೇ ವಾಪಸ್ ಬಂದ. ಏನಾಯಿತೋ ಎಂದರೆ, "ಅಮ್ಮಾರು ಬಾಗ್ಲಲ್ಲೇ ನಿಲ್ಸುದ್ರು ಬುದ್ಧಿ. ಮಲಗವ್ರೆ, ಹೋಗು ಅಂದ್ರು. ಒಂದ್ ಲೋಟ ನೀರೂ ಕೊಡ್ಲಿಲ್ಲ" ಎಂದ.

ಭಾವ ಪುಸ್ತಕ ಮುಟ್ಟಲೂ ಒಪ್ಪಲಿಲ್ಲ, ನಿನ್ನ ಬಾಯಲ್ಲಿ ಹೇಳಿಸಿ ಕಳಿಸಿದರು ಎಂದೇ ಹತ್ತು ವರ್ಷ ನಾನು ತಿಳಿದಿದ್ದೆ. ಆ ಸಿಟ್ಟಿನಲ್ಲೇ ಆ ಪತ್ರ ಬರೆದದ್ದು. ನಿನ್ನ ಜೂನ್ ಕಾಗದ ಓದಿದ ಮೇಲೆ ಲೆಕ್ಕ ತಪ್ಪಿತು. ಅವರು ಹನ್ನೆರಡನೇ ಅಮಾವಾಸ್ಯೆಯ ತನಕ ಜಗಲಿಯಲ್ಲಿ ಕೂತಿದ್ದರು ಎಂದು ಬರೆದಿದ್ದೀಯ. ಪುಸ್ತಕ ಒಲ್ಲೆ ಎಂದವರು ಪುಸ್ತಕಕ್ಕೆ ಯಾಕೆ ಕಾಯುತ್ತಾರೆ?

ಒಂದೇ ಪ್ರಶ್ನೆ. ಆ ದಿನ ಪುಸ್ತಕ ಬಂದಿತ್ತು ಎಂದು ಭಾವನಿಗೆ ಹೇಳಿದ್ದೆಯಾ?

ಇಂದುಧರ


ಅರಸೀಕೆರೆ
10-9-2025

ಇಂದುಧರ,

ಹೇಳಲಿಲ್ಲ.

ನಿನ್ನ ಕಾಗದ ಬಂದು ತಿಂಗಳಾಯಿತು. ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಆಗಸ್ಟ್ ಅಮಾವಾಸ್ಯೆಯಲ್ಲಿ ನಿನ್ನ ಹೆಸರಿನ ಮುಂದೆ ಮತ್ತೆ ಗೈರುಹಾಜರು ಎಂದು ಬರೆದೆ, ಹನ್ನೊಂದನೆಯದು. ಅಕ್ಷರ ಸೊಟ್ಟಗಾಯಿತು. ನಿನ್ನ ಎಡಗೈ ಅಕ್ಷರಕ್ಕಿಂತ ಕಡೆಯಾಗಿ ಬಂತು.

ಆ ದಿನ ಹಾಸನದಿಂದ ಅವರ ಗಂಟಲಿಗೆ ಕರೆಂಟು, ಅದೇ ರೇಡಿಯೇಷನ್ನು, ಕೊಡಿಸಿಕೊಂಡು ಬಂದು ಎರಡು ದಿನವಾಗಿತ್ತು. ಬೆಳಗ್ಗೆಯಿಂದ ನೀರೂ ಇಳಿಯುತ್ತಿರಲಿಲ್ಲ. ಆದರೂ ಅಂಗಿ ಹಾಕಿಸಿಕೊಂಡು ಜಗಲಿಗೆ ಬಂದು ಕೂತಿದ್ದರು. ಮಧ್ಯಾಹ್ನ ತಡೆಯಲಾರದೆ ಒಳಗೆ ಹೋಗಿ ಒರಗಿದರು. ಅದೇ ಹೊತ್ತಿಗೆ ಶಿವಯ್ಯ ಬಂದ. ಅವನ ಹಿಂದೆ ನೀನಿದ್ದೀಯ ಎಂದು ನಾನು ರಸ್ತೆಯ ತುದಿಯ ತನಕ ನೋಡಿದೆ. ನೀನಿರಲಿಲ್ಲ. ಆರು ತಿಂಗಳು ಬಾರದ ತಮ್ಮ ಏಳನೇ ತಿಂಗಳು ಗುಮಾಸ್ತನನ್ನು ಕಳಿಸಿದ್ದಾನೆ ಎಂದು ಮೈಯೆಲ್ಲ ಉರಿಯಿತು. ಮಲಗಿದ್ದಾರೆ, ಹೋಗು ಎಂದೆ. ಸುಳ್ಳಲ್ಲ, ಒರಗಿದ್ದರು. ಆದರೆ ಎಬ್ಬಿಸಿದ್ದರೆ ಎದ್ದು ಕುಣಿಯುತ್ತಿದ್ದರು.

ಸಂಜೆ ಎದ್ದು ಸ್ಲೇಟಿನಲ್ಲಿ ಬರೆದರು, ಬಂದನೇ? ನಾನು ಇಲ್ಲ ಎಂದೆ. ಮುಂದಿನ ಐದು ಅಮಾವಾಸ್ಯೆ ಅವರು ಜಗಲಿಯಲ್ಲಿ ಕೂತಾಗ ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿಗೆ ಬಂತು. ಹೇಳಿದರೆ ನನ್ನ ಮುಖ ನೋಡಿಯಾರೇ ಎಂದು ನುಂಗಿಕೊಂಡೆ. ನಿನ್ನ ಪತ್ರ ಬಂದ ದಿನ ನನಗೆ ಒಳಗೊಳಗೆ ಸಮಾಧಾನವಾಯಿತು ಕಣೋ. ಇನ್ನು ಎಲ್ಲ ಪಾಪವೂ ಇವನದೇ ಎಂದು.

ಇದನ್ನು ಓದಿ ನೀನು ತೊಳೆದ ಮುತ್ತಾದೆ ಎಂದುಕೊಳ್ಳಬೇಡ. ಹನ್ನೊಂದು ಸಲ ಕಳಿಸದವನು ನೀನು. ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸಿದರೆ ಆ ಜಗಲಿಯ ಎದುರು ನಾನೊಬ್ಬಳೇ ನಿಲ್ಲಬೇಕಾಗುತ್ತದೆ, ಅದು ನನ್ನಿಂದಾಗದು. ಆದರೆ ಆ ಸೆಕ್ಷನ್ ಹಿಡಿದು ನಿನ್ನನ್ನು ತಳ್ಳಲು ಈಗ ನನಗೆ ಮುಖವಿಲ್ಲ.

21ನೇ ತಾರೀಕು ಮಹಾಲಯ ಅಮಾವಾಸ್ಯೆ. ಕಡೆಯದು, ಹನ್ನೆರಡನೆಯದು. ಬೆಳಗ್ಗೆ ಬಾಣಾವರದ ಮೇಲೆ ಬರುವ ಬಸ್ಸಿಗೆ ಶಿವಯ್ಯನ ಕೈಲಿ ಪುಸ್ತಕ ಕಳಿಸುತ್ತೇನೆ. ಒಂದು ರುಜು ಹಾಕು, ಕುರ್ಚಿ ನಿನ್ನದೇ.

ಕಮಲಾಕ್ಷಮ್ಮ


ಬೇಲೂರು
22-9-2025

ಅಕ್ಕ,

ಶಿವಯ್ಯ ಇಷ್ಟು ಹೊತ್ತಿಗೆ ಹೇಳಿರುತ್ತಾನೆ. ಪುಸ್ತಕ ಬಂದಿತ್ತು. ನಾನೇ ವಾಪಸ್ ಕಳಿಸಿದೆ.

ನಿನ್ನೆ ಬೆಳಗ್ಗೆ ಶಿಲ್ಪಾಳ ಕೈಲಿ ಸ್ನಾನ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಕಿಟಕಿಯ ಹತ್ತಿರ ಕೂತೆ. ಬಸ್ಸಿನ ಸದ್ದಿಗೆಲ್ಲ ಕತ್ತು ಎತ್ತಿದೆ. ಹತ್ತೂವರೆಗೆ ಅವನು ಬಂದ, ಎಪ್ಪತ್ತೈದರ ಮುದುಕ, ಕಂಕುಳಲ್ಲಿ ಕೆಂಪು ಗಂಟು. ಅವನ ಹಿಂದೆ ನೀನಿದ್ದೀಯ ಎಂದು ನಾನೂ ರಸ್ತೆಯ ತುದಿಯ ತನಕ ನೋಡಿದೆ.

ನೀನಿರಲಿಲ್ಲ. ನನಗೂ ಮೈಯೆಲ್ಲ ಉರಿಯಿತು. ಮಲಗಿದ್ದಾರೆ ಎಂದು ಹೇಳಿಕಳಿಸು ಎಂದು ಶಿಲ್ಪಾಳಿಗೆ ಸನ್ನೆ ಮಾಡಿದೆ. ಅವಳು ಅತ್ತಳು, ಆದರೂ ಹೇಳಿದಳು. ಅವನಿಗೆ ನೀರು, ಬೆಲ್ಲ, ತಿಂಡಿ ಕೊಡಿಸಿದೆ. ಅಷ್ಟರ ಮಟ್ಟಿಗೆ ನಿನಗಿಂತ ವಾಸಿ ನಾನು.

ಹತ್ತು ವರ್ಷ ನನ್ನನ್ನು ಉರಿಸಿದ ಮಾತು ಅದು, ಅಕ್ಕ. ಒಂದು ದಿನವಾದರೂ ನಿನ್ನ ಎದೆಯಲ್ಲಿ ಉರಿಯಲಿ ಎಂದು ಕಳಿಸಿದೆ. ಕುರ್ಚಿ ಹೋಗುತ್ತದೆ ಎಂದು ಗೊತ್ತು. ಹೋಗಲಿ. ಸೇಡು ನಿನ್ನೊಬ್ಬಳ ಸೊತ್ತಲ್ಲ.

ಇಂದುಧರ


ಗೌರಾಂಬಿಕಾ ಆಯಿಲ್ ಮಿಲ್ಸ್ ಪ್ರೈವೇಟ್ ಲಿಮಿಟೆಡ್
ಅರಸೀಕೆರೆ
3-10-2025

ಶ್ರೀ ಇಂದುಧರ ಅವರಿಗೆ,

ನಿಯಮಾವಳಿಯಲ್ಲಿ ಕಾಯ್ದೆ ಎಂದರೆ 1956ನೇ ಇಸವಿಯ ಕಾಯ್ದೆ ಎಂದಿರುವುದು ನಿಜ. ಆದರೆ ಒಂದು ಕಾಯ್ದೆ ರದ್ದಾಗಿ ಅದರ ಜಾಗದಲ್ಲಿ ಇನ್ನೊಂದು ಬಂದರೆ, ಹಳೆಯದರ ಹೆಸರು ಇರುವ ಕಡೆಯೆಲ್ಲ ಹೊಸದನ್ನೇ ಓದಿಕೊಳ್ಳತಕ್ಕದ್ದು. ಕಂಪನಿಯ ಪತ್ರ ಕಾಯ್ದೆಗಿಂತ ದೊಡ್ಡದಲ್ಲ. ಆದಕಾರಣ, ತಾವು ರಜೆ ಕೋರಿದ್ದಾಗ್ಯೂ, ತಮ್ಮ ನಿರ್ದೇಶಕ ಸ್ಥಾನ ತೆರವಾಗಿದೆಯೆಂದು ಈ ಮೂಲಕ ತಿಳಿಸಲಾಗಿದೆ.

ಇಂತಿ,
ಕಮಲಾಕ್ಷಮ್ಮ
ವ್ಯವಸ್ಥಾಪಕ ನಿರ್ದೇಶಕಿ

ಕೆಳಗಿನದು ಟೈಪ್ ಮಾಡಿಸಿದ್ದಲ್ಲ, ನನ್ನ ಕೈಬರಹ.

ಮೇಲಿನ ಪತ್ರವನ್ನು ಹತ್ತು ವರ್ಷದಿಂದ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ. ಒಂದು ಅಕ್ಷರ ಬದಲಿಸಬೇಕಾಗಲಿಲ್ಲ, ಹೆಸರೊಂದನ್ನು ಬಿಟ್ಟು. ಇದನ್ನು ಕಳಿಸುವ ದಿನ ಹಬ್ಬದ ಊಟ ಮಾಡಬೇಕು ಎಂದುಕೊಂಡಿದ್ದೆ. ಇಂದು ಚನ್ನೇಶ ಬಡಿಸಿದ ಅನ್ನ ಹಾಗೇ ಇದೆ. ನಾನು ತಡೆಯೋಣ ಎಂದರೂ ಆ ಸೆಕ್ಷನ್ ನನ್ನ ಮಾತು ಕೇಳುವುದಿಲ್ಲ, ಅದು ತಾನಾಗಿಯೇ ಆಗುವಂಥದ್ದು.

ಶಿವಯ್ಯ ಬಂದು "ಮಲಗವ್ರಂತೆ ಅಮ್ಮಾ" ಎಂದಾಗ ನಾನು ಮಿಲ್ಲಿನ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀನು ಗೆದ್ದೆ. ಉರಿಯಿತು. ಚೆನ್ನಾಗಿ ಉರಿಯಿತು.

21ನೇ ತಾರೀಕು ಮತ್ತೆ ಅಮಾವಾಸ್ಯೆ, ಮಿಲ್ಲಿಗೆ ರಜ. ಆ ದಿನ ಬೇಲೂರಿಗೆ ಪುಸ್ತಕ ಬರುವುದಿಲ್ಲ, ಶಿವಯ್ಯನೂ ಬರುವುದಿಲ್ಲ. ಹತ್ತೂವರೆಯ ಬಸ್ಸಿಗೆ ನಾನು ಬರುತ್ತೇನೆ. ನಿನ್ನನ್ನು ಎದುರಿಗೆ ಕೂರಿಸಿಕೊಂಡು ಬೈಯುವುದು ತುಂಬ ಇದೆ.

ಮಲಗಿರಬೇಡ.

ಅಕ್ಕ